ಆಯಿಯ ತುಂಬಿದ ಕೊಡ

ಕರಾವಳಿಯ ಈ ಪುಟ್ಟ ಊರಿನಲ್ಲಿ ಇವತ್ತು ತೋರಿಸುತ್ತಿರುವ ಹಳೆಯ ಸಾಕ್ಷ್ಯಚಿತ್ರದಲ್ಲಿ ನನ್ನ ಆಯಿ, ಅಪ್ಪನ ತಾಯಿ, ಕಣ್ಣು ತುಂಬಿಕೊಂಡು ಏನೋ ಹೇಳುತ್ತಾಳೆ. ಅವಳ ದನಿ ತೆಗೆದು ಕೊಳಲು ನುಡಿಸಿದ್ದಾರೆ.

ಅದನ್ನು ಚಿತ್ರಿಸಿದಾಗ ಕೆಂಭಾವಿ ಹತ್ತಿರದ ನಮ್ಮೂರಿಗೆ ಕಾಲುವೆ ನೀರು ಬಂದು ಎಂಟು ದಿನವಾಗಿತ್ತು. ಊರೆಲ್ಲ ಹಸಿ ಎರೆಮಣ್ಣಿನ ವಾಸನೆ. ಮೊಳಕೆ ಬಂದ ಭತ್ತದ ಚೀಲ ಹೊತ್ತು ಅಪ್ಪ ಬಿತ್ತಲು ಹೊರಟಿದ್ದ. ಒಳ್ಳೆಯದಾಗಲಿ ಎಂದು ಆಯಿ ತುಂಬಿದ ಕೊಡ ಹೊತ್ತು ಅವನ ಎದುರಿಗೆ ಬಂದಳು.

ಈ ಕರಾವಳಿಯ ಊರಿಂದ ಚಿತ್ರ ತೆಗೆಯಲು ಬಂದಿದ್ದ ನಿರ್ದೇಶಕ ಅವಳನ್ನು ತಡೆದ. "ಅಜ್ಜೀ, ಕಾಲುವೆ ಬರುವ ಮೊದಲಿನ ಕಷ್ಟ ತೋರಿಸ್ಬೇಕು ಮಾರಾಯ್ರೆ. ಖಾಲಿ ಕೊಡ ಹಿಡ್ಕೊಂಡು ಬನ್ನಿ."

ಅವಳು ಉತ್ತರಿಸುವ ಮೊದಲೇ ಆ ಮನುಷ್ಯ ಕೊಡ ಕಸಿದು ನೀರನ್ನು ಧೂಳಿಗೆ ಚೆಲ್ಲಿದ.

ಅಪ್ಪ ಚೀಲ ಇಳಿಸಿ ಹೊಸ್ತಿಲೊಳಗೆ ಸರಿದು ನಿಂತ. ಸಿಟ್ಟಿಗೆ ಆಯಿಯ ಕಣ್ಣು ತುಂಬಿದವು.

"ಬಿತ್ತಾಕ ಹೊಂಟ ಮಗನ ಎದುರಿಗೆ ಖಾಲಿ ಕೊಡ ತರ್ಲೇನೋ? ನೀ ಸಮುದ್ರಕ್ಕ ಹೊಂಟಾಗ ನಿಮ್ಮವ್ವ ಹಿಂಗ ಮಾಡತಾಳೇನು? ನಿನ್ನ ಡಬ್ಬಿಯೊಳಗ ತುಂಬಾಕ ನಮ್ಮ ಮನಿ ದರಿದ್ರಾನ ಬೇಕಾತೇನು?"

ಆಗಲೇ ಕ್ಯಾಮೆರಾದ ಹಿಂದೆ ಹೋಗಿದ್ದ ನಿರ್ದೇಶಕ ಅದರಿಂದ ಕಣ್ಣು ತೆಗೆಯಲಿಲ್ಲ.

"ಭಾರೀ ಲಾಯ್ಕ್ ಬಂತು ಅಜ್ಜೀ, ಇಷ್ಟೇ ಸಾಕು."

ಆಯಿ ಕೊಡ ಎತ್ತಿಕೊಂಡು ಕಾಲುವೆಗೆ ನಡೆದಳು. ಅವಳು ಬರುವವರೆಗೆ ಅಪ್ಪ ಹೊಸ್ತಿಲು ದಾಟಲಿಲ್ಲ. ಕೊಡ ತುಳುಕಿಸುತ್ತ ಅವಳು ಮತ್ತೆ ಎದುರಿಗೆ ಬಂದಾಗ, ಚಿತ್ರದವರು ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದರು.