ಸದ್ದಿಲ್ಲದ ಸೌದೆ

“ಹೋಗೋದಾದ್ರೆ ಹೋಗು ಅತ್ತಿಗೆ, ನಾನು ನೋಡ್ಲಿಲ್ಲ ಅಂದ್ಕೋತೀನಿ. ಆದ್ರೆ ನಿನ್ನ ದನಿ ಮಾತ್ರ ಕೇಳಿಸ್ಬಾರ್ದು,” ಎಂದು ಕಾವಲುಗಾರ ಅಭಯಾರಣ್ಯದ ಬೇಲಿಯ ಕೆಳತಂತಿಯನ್ನು ಬೂಟಿನಿಂದ ಅದುಮಿದ. “ಹೊಸ ಸಾಹೇಬ್ರು ಇವತ್ತು ಇದೇ ಕಡೆ ಸುತ್ತಾಡ್ತಿದ್ದಾರೆ. ಸಿಕ್ಕಿಬಿದ್ರೆ ನಿಂಗೆ ಕೇಸು, ನಂಗೆ ಮನೆ ದಾರಿ.”

ಅತ್ತಿಗೆ ಸೊಂಟಕ್ಕೆ ಹಗ್ಗ ಬಿಗಿಯುತ್ತ ನಕ್ಕಳು. “ನನ್ನ ಬಾಯಿ ಮುಚ್ಚಿಸೋಕೆ ನಿಮ್ಮಣ್ಣನ ಕೈಲೇ ಆಗ್ಲಿಲ್ಲ ಮೈದುನಾ. ಸರ್ಕಾರವೇ ಬರ್ಬೇಕಾಯ್ತು ನೋಡು.”

“ನೀನು ಪಿಸುಗುಟ್ಟಿದ್ರೂ ಪಕ್ಕದೂರಿನ ನಾಯಿ ಬೊಗಳುತ್ತೆ. ಅದಕ್ಕೇ ಹೇಳ್ತಿರೋದು.”

“ಆಯ್ತು ಮಹರಾಯ. ಇಗೋ, ಬಾಯಿಗೆ ಬೀಗ.” ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅವಳು ತಂತಿಗಳ ನಡುವೆ ನುಸುಳಿದಳು.

ಕಾಡಿಗೆ ಬೇಲಿ ಹಾಕಿದ ಮೇಲೆ ಊರಿನ ಸೌದೆ ಕಳ್ಳಮಾಲಾಗಿತ್ತು. ಒಲೆಗಳಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ. ಮೊದಲೆಲ್ಲ ಹೆಂಗಸರು ಹಾಡುತ್ತ, ಒಬ್ಬರನ್ನೊಬ್ಬರು ಕೂಗುತ್ತ, ಮನೆಯಲ್ಲಿ ಬೈಯಲಾಗದವರನ್ನೆಲ್ಲ ಬೈಯುತ್ತ ಒಳಗೆ ಹೋಗುತ್ತಿದ್ದರು. ಕಾಡಿನಲ್ಲಿ ಕಾಲಿಗಿಂತ ಮುಂಚೆ ಬಾಯಿ ಹೋಗಬೇಕು ಎಂದು ಕಾವಲುಗಾರನ ತಾಯಿಯೇ ಸೊಸೆಗೆ ಕಲಿಸಿದ್ದಳು. ಅವನೂ ಕೇಳಿ ಬೆಳೆದ ಮಾತು. ಆ ಬೆಳಿಗ್ಗೆ ಮಾತ್ರ ಅವನ ಕಿವಿಯೆಲ್ಲ ಜೀಪಿನ ದಾರಿಯ ಕಡೆಗಿತ್ತು.

ಮುಂದಿನದು ಅವನಿಗೆ ತಿಳಿದದ್ದು ಆಮೇಲೆ, ಜಾಡು ನೋಡಿ. ಅತ್ತಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಒಂದು ಕೊಂಬೆಯನ್ನೂ ಮುರಿಯದೆ, ಬಿದ್ದ ಕಡ್ಡಿಯನ್ನಷ್ಟೇ ಆಯುತ್ತ, ಬೆಕ್ಕಿನ ಹೆಜ್ಜೆಯಲ್ಲಿ ಪೊದೆಯೊಂದನ್ನು ಬಳಸಿ ಹೋಗಿದ್ದಳು. ಪೊದೆಯಾಚೆ ಕರಡಿಯೊಂದು ಹುತ್ತದೊಳಗೆ ಮೂತಿ ತೂರಿಸಿ ಗೆದ್ದಲು ಹೀರುತ್ತಿತ್ತು. ಇವಳು ಬಂದದ್ದು ಅದಕ್ಕೆ ತಿಳಿಯಲಿಲ್ಲ, ಅದು ಇದ್ದದ್ದು ಇವಳಿಗೆ. ಬೇಲಿಯವರೆಗೆ ಕೇಳಿಸಿದ್ದು ಒಂದೇ ಕೂಗು.

ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಅವಳ ಮುಖವಿಡೀ ಬ್ಯಾಂಡೇಜು. ಉಳಿದ ಒಂದು ಕಣ್ಣು, ತುಟಿಯ ಒಂದು ಅಂಚು ಮಾತ್ರ ಹೊರಗಿದ್ದವು. ಸಾಹೇಬರು ಕೆಟ್ಟವರಲ್ಲ. ತಂದ ಹಣ್ಣನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸ್ಟೂಲೆಳೆದುಕೊಂಡು ಹತ್ತಿರ ಕೂತರು.

“ಒಂದು ವಿಷಯ ಅರ್ಥವಾಗ್ತಿಲ್ಲಮ್ಮ. ಮನುಷ್ಯರ ಸದ್ದು ದೂರದಿಂದ ಕೇಳಿದ್ರೆ ಸಾಮಾನ್ಯವಾಗಿ ಕರಡಿ ತಾನೇ ಜಾಗ ಬಿಡುತ್ತೆ. ನಿಮ್ಮ ದನಿಯಂತೂ ಮೂರೂರಿಗೆ ಕೇಳುತ್ತಂತೆ. ಅವತ್ತು ಯಾಕೆ ಸುಮ್ನಿದ್ರಿ? ಸುಮ್ನಿರು ಅಂತ ಯಾರಾದ್ರೂ ಹೇಳಿದ್ರಾ?”

ಮಂಚದ ಕಾಲಬಳಿ ಕಾವಲುಗಾರ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ‘ನಾನೇ ಸಾರ್’ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಅಣ್ಣ ಹಾಸಿಗೆ ಹಿಡಿದ ಮೇಲೆ ಎರಡು ಮನೆಯ ಅನ್ನವೂ ಅವನ ಈ ನೌಕರಿಯಿಂದಲೇ ಬೇಯುತ್ತಿತ್ತು. ಅವನು ಬಾಯಿ ತೆರೆದ.

ಅಷ್ಟರಲ್ಲಿ ಆ ಒಂಟಿ ಕಣ್ಣು ಅವನತ್ತ ಹೊರಳಿತು, ಗಳಿಗೆ ಹೊತ್ತು ನಿಂತಿತು, ಮತ್ತೆ ಸಾಹೇಬರ ಕಡೆಗೆ ತಿರುಗಿತು.

“ಯಾರೂ ಇಲ್ಲ ಸಾರ್,” ಎಂದಳು, ಪಕ್ಕದ ಮಂಚಕ್ಕೂ ಕೇಳಿಸದಷ್ಟು ಮೆಲ್ಲಗೆ. “ಅವತ್ತು ನಂಗೆ ಗಂಟಲು ಕಟ್ಟಿತ್ತು.”