ಅಧ್ಯಕ್ಷರ ಬೆರಳು

"ತಾರೀಖು ಹನ್ನೊಂದು, ಗಿರಣಿ ಕ್ಯಾಮೆರಾ, ಪೂರ್ತಿ ದಿನ. ಮತ್ತ ಹೊಳ್ಳಿ ಬರದಂಗ ಅಳಿಸು ಅಂತ ಬರಿ," ಸೋಮಶೇಖರ ಸಾಗರನ ಬೆನ್ನ ಹಿಂದೆ ನಿಂತು ಹೇಳಿದ.

ಕಚೇರಿಯ ಗುಮಾಸ್ತ ಸಾಗರ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ. ತಡಮಾಡಲಿಲ್ಲ.

ಹನ್ನೊಂದರಂದು ಮೂಡಲಗಿಯ ಈ ಮಹಿಳಾ ಅರಿಷಿಣ ಸಂಘದ ಗಿರಣಿಯಲ್ಲಿ ಸಾಗರನ ತಾಯಿ ಕಾಡವ್ವನ ಬಲಗೈ ಹೋಗಿತ್ತು. ಕೆಲಸ ಬೇಗ ಸಾಗಲೆಂದು ಯಂತ್ರದ ಬಾಯಿಗಿದ್ದ ಕಬ್ಬಿಣದ ಜಾಳಿಗೆ ಬಿಚ್ಚಿದವನು ಕಾರ್ಯದರ್ಶಿ ಸೋಮಶೇಖರ. ಕಾಡವ್ವನೇ ಬಿಚ್ಚಿದಳೆಂದು ಬರೆದುಕೊಟ್ಟವನೂ ಅವನೇ. ನಾಳೆ ಗೋಕಾಕದಿಂದ ಕಾರ್ಮಿಕ ಅಧಿಕಾರಿ ವಿಚಾರಣೆಗೆ ಬರಲಿದ್ದರು. ಕಾಡವ್ವನ ಪರ ಸಾಕ್ಷಿ ಆ ವಿಡಿಯೋ ಒಂದೇ.

ದೂರು ಕೊಟ್ಟವನು ಸಾಗರ. ಅದಕ್ಕೇ ಅವನ ಕೈಯಿಂದಲೇ ಅಳಿಸಬೇಕೆಂಬುದು ಸೋಮಶೇಖರನ ಹಟ. ಸಾಗರನ ಮೊಬೈಲು, ಪೆನ್‌ಡ್ರೈವು ಎರಡನ್ನೂ ಮೊದಲೇ ಕಿತ್ತು ತನ್ನ ಕಿಸೆಗೆ ಹಾಕಿಕೊಂಡಿದ್ದ.

"ಯಾರ ಅಳಿಸ್ಯಾರ ಅಂದ್ರ ಕಾಡವ್ವನ ಮಗನ ಅಂತ ಬರಬೇಕು. ಅವ್ವನ ತಪ್ಪು ಮುಚ್ಚಾಕ ಮಗ ಅಳಿಸಿದ. ಹೆಂಗೈತಿ? ಒಲ್ಲೆ ಅಂದ್ರ ನಾಳಿಂದ ನಿನ್ನ ತಂಗಿ ದೀಪಾನೂ ಕೆಲಸಕ್ಕ ಬರೂದು ಬ್ಯಾಡ."

ಕೋಣೆಯ ಬಾಗಿಲ ಮೇಲಿನ ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು. ಕೆಲಸದವರ ಮಾತು ಕೇಳಲೆಂದು ಸೋಮಶೇಖರನೇ ಹಾಕಿಸಿದ್ದು.

ಪರದೆಯ ಮೇಲೆ ಸಂಘದ ಎಐ ಸಹಾಯಕನ ಉತ್ತರ ಮೂಡಿತು: "ನಾನು ಹುಡುಕಬಲ್ಲೆ, ತೋರಿಸಬಲ್ಲೆ, ಕಳಿಸಬಲ್ಲೆ. ಶಾಶ್ವತವಾಗಿ ಅಳಿಸುವ ಅಧಿಕಾರ ನನಗಿಲ್ಲ. ಅಧ್ಯಕ್ಷರು ತೀರ್ಮಾನಿಸಿ ಬೆರಳೊತ್ತಬೇಕು."

"ಇದೇನಲೇ ಹೊಸಾದು?"

"ಠರಾವಿನ್ಯಾಗ ಐತ್ರಿ, ಸಾಹೇಬ್ರ."

ಸೋಮಶೇಖರ ನಕ್ಕ. ಹೆಂಗಸರ ಸಂಘಕ್ಕೆ ಹೆಂಗಸೇ ಅಧ್ಯಕ್ಷೆ. ಬೋರ್ಡಿನ ಮೇಲೆ ಅವನ ಹೆಂಡತಿ ಶೋಭಾಳ ಹೆಸರಿತ್ತು, ಕುರ್ಚಿಯಲ್ಲಿ ಅವನಿದ್ದ. ಹನ್ನೆರಡು ವರ್ಷದಿಂದ ಅವನು ತೋರಿಸಿದಲ್ಲಿ ಅವಳು ಸಹಿ ಹಾಕಿದ್ದಳು.

"ಏ ಶೋಭಾ, ಬಾ ಇಲ್ಲೆ! ನಿನ್ನ ಬೆರಳ ಬೇಕಾಗೇತಿ."

ಶೋಭಾ ಬಂದಳು. ಕಾಡವ್ವನ ಕೈಗೆ ಅಂದು ತನ್ನ ಸೆರಗು ಹರಿದು ಕಟ್ಟಿದವಳು ಅವಳೇ. "ಹೊಸಾ ಸೀರಿ ಕೆಡಿಸಿದಿ" ಎಂದು ಸೋಮಶೇಖರ ಎಲ್ಲರೆದುರು ಬೈದಿದ್ದ.

ಅಷ್ಟರಲ್ಲಿ ಹುಕ್ಕೇರಿಯ ವ್ಯಾಪಾರಿಯ ಫೋನು ಬಂತು. ಸೋಮಶೇಖರ ಮಾತಿಗಿಳಿದ. ಕಣ್ಣು ಮಾತ್ರ ಸಾಗರನ ಕೈಗಳ ಮೇಲೇ ಇತ್ತು.

"ಎಲ್ಲಿ ಒತ್ಲಿ?" ಶೋಭಾ ಕೇಳಿದಳು.

"ಅಲ್ಲೇ ಕಾಣತೈತಲ್ಲ, ಒತ್ತು!"

ಅವಳು ಸೆರಗಿನಿಂದ ಬೆರಳು ಒರೆಸಿ ಒತ್ತಿದಳು. "ತೀರ್ಮಾನ ದಾಖಲಾಗಿದೆ" ಎಂದು ಪರದೆ ತೋರಿಸಿತು.

ಸೋಮಶೇಖರ ಫೋನು ಕೆಳಗಿಟ್ಟ. "ಮುಗೀತಲೇ. ನಿಮ್ಮವ್ವನ ಕೈ ಹೋದಂಗ ಆ ದಿನಾನೂ ಹೋತು. ಎದ್ದು ನಡಿ, ನಿನ್ನ ಕೆಲಸಾನೂ ಹೋತು."

ಸಾಗರ ಏಳಲಿಲ್ಲ. ಸೋಮಶೇಖರ ಬೈಯುತ್ತಾ ಹತ್ತು ನಿಮಿಷ ಕಳೆದಿರಬೇಕು, ಫೋನು ಮತ್ತೆ ಹೊಡೆಯಿತು. ಈ ಸಲ ಗೋಕಾಕದಿಂದ.

"ವಿಡಿಯೋ ಬಂದೈತ್ರಿ ಸೋಮಶೇಖರ ಅವರ," ಎಂದರು ಅಧಿಕಾರಿ. "ನೀವು ಜಾಳಿಗಿ ಬಿಚ್ಚೂದು ಕಾಣಾಕತ್ತೈತಿ. ಇವತ್ತ ಅಳಿಸಾಕ ಹಚ್ಚಿದ್ದೂ ಕೇಳಾಕತ್ತೈತಿ."

ಸೋಮಶೇಖರ ಸಾಗರನ ಕೊರಳಪಟ್ಟಿ ಹಿಡಿದ. "ಯಾವಾಗ ಕಳಿಸಿದ್ಯೋ, ಮಗನ?"

"ನನ್ನ ಮೊಬೈಲ ನಿಮ್ಮ ಕಿಸೆದಾಗ ಐತ್ರಿ."

"ಅವನ್ನ ಬಿಡ್ರಿ," ಎಂದಳು ಶೋಭಾ. "ನಾ 'ಬ್ಯಾಡ' ಅನ್ನೂದು ಒತ್ತೀನಿ. ಅಧ್ಯಕ್ಷರು ಬ್ಯಾಡ ಅಂದ್ರ ಆ ವಿಡಿಯೋ, ಈ ಖೋಲಿ ಕ್ಯಾಮೆರಾದ್ದೂ ಕೂಡೇ, ಈ ಎಐ ಸಹಾಯಕ ಕಾರ್ಮಿಕ ಅಧಿಕಾರಿ ಆಫೀಸಿಗೆ ಕಳಿಸಬೇಕು ಅಂತ ಠರಾವು ಐತಿ."

"ಯಾರ ಮಾಡ್ಯಾರ ಠರಾವು? ನನ್ನ ಬಿಟ್ಟು?"

ಶೋಭಾ ಠರಾವು ಪುಸ್ತಕ ಬಿಚ್ಚಿದಳು. ಕಾಡವ್ವನ ಕೈ ಹೋದ ನಾಲ್ಕನೇ ದಿನದ ತಾರೀಖು. ಬರಹ ಶೋಭಾಳದು.

ಕೆಳಗೆ, ಅಂದು ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಫೋನಿನಲ್ಲಿ ಮಾತಾಡುತ್ತಲೇ, ಓದದೆ, ಸೋಮಶೇಖರ ಹಾಕಿದ ಸಹಿ.