ಪರದೆಯ ಹಿಂದೆ ಇಬ್ಬರು

"ಇವತ್ತು ನುಡಿಸೋರಲ್ಲಿ ಯಾರಿಗಾದರೂ ತಮ್ಮವರಿದ್ದರೆ ಈಗಲೇ ಎದ್ದು ಹೋಗಿಬಿಡಿ. ಯಾರೂ ಏನೂ ಅಂದ್ಕೊಳ್ಳಲ್ಲ," ಎಂದರು ಮೂವರು ಪರೀಕ್ಷಕರಲ್ಲಿ ಹಿರಿಯರಾದ ಓಟ್ಮಾರ್.

ಪಕ್ಕದಲ್ಲಿದ್ದ ಗೇಸಾ ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಏಳಲಿಲ್ಲ.

ಕೆಳಗಿನ ಮೆಟ್ಟಿಲ ಬಳಿ ದೊಡ್ಡ ಪಿಟೀಲಿನಂಥ ಚೆಲ್ಲೊ ಹಿಡಿದು ಕಾಯುತ್ತಿದ್ದ ಇಬ್ಬರಲ್ಲಿ ಒಬ್ಬ ಅವಳ ಮಗ ತಿಲ್ಮಾನ್. ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಮಗನಿಗೆ ಅಪ್ಪನ ಮನೆತನದ ಹೆಸರೇ ಉಳಿದಿದ್ದರಿಂದ ಅವಳು ಪಾಠ ಹೇಳುವ ಕಲಾ ವಿಶ್ವವಿದ್ಯಾಲಯದಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಚೆಲ್ಲೊ ಕಲಿಯಲು ಇದ್ದದ್ದು ಒಂದೇ ಸೀಟು. "ಈ ಸಲ ಸಿಗದಿದ್ರೆ ಚೆಲ್ಲೊ ಮಾರಿ ಅಪ್ಪನ ಹತ್ರ ಟೈಲ್ಸ್ ಕೆಲಸ ಕಲೀತೀನಿ," ಎಂದು ಮಗ ಹೇಳಿದ್ದ. ಹೇಳಿದ್ದನ್ನು ಮಾಡುವ ಹುಡುಗ ಅವನು.

ಕೊನೆಯ ಸುತ್ತಿಗೆ ನುಡಿಸುವವರು ಕಾಣದಂತೆ ಕಪ್ಪು ಪರದೆ ಕಟ್ಟಿ, ಹೆಜ್ಜೆಯ ಸದ್ದೂ ಕೇಳದಂತೆ ನೆಲಕ್ಕೆ ಜಮಖಾನೆ ಹಾಸುತ್ತಿದ್ದರು. ಹೋದ ವರ್ಷ ಗುರುಗಳು ತಮ್ಮ ತಮ್ಮ ಶಿಷ್ಯರನ್ನೇ ಆರಿಸಿಕೊಂಡರೆಂದು ಗಲಾಟೆಯಾದಾಗ, ಪರದೆ ಬೇಕೇ ಬೇಕೆಂದು ಹಟ ಹಿಡಿದವಳು ಗೇಸಾಳೇ. ಈಗ ಬೇಲಿಯೇ ಎದ್ದು ಹೊಲ ಮೇಯಲು ಕೂತಿತ್ತು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಕೂತಳು.

ಪರದೆಯಿಂದ ಅವಳಿಗೇನು ಅಡ್ಡಿ? ಮಗನ ಕಮಾನಿನ ಒಂದೊಂದು ತಪ್ಪನ್ನೂ ಅವಳು ಬಲ್ಲಳು. ಅವನ್ನು ಎತ್ತಿ ಎತ್ತಿ ಆಡಿ ಮನೆಯಲ್ಲಿ ಎಷ್ಟು ಜಗಳ! ಚಳಿಗಾಲದಿಂದೀಚೆಗೆ ಅವನು ಮನೆಯಲ್ಲಿ ಚೆಲ್ಲೊ ಮುಟ್ಟಿರಲಿಲ್ಲ. ಗೆಳೆಯನ ಮನೆಯಲ್ಲಿ ಅಭ್ಯಾಸ ಮಾಡುತ್ತೇನೆಂದು ಹೋಗುತ್ತಿದ್ದ. ಅವಳು ನಂಬಿರಲಿಲ್ಲ. ಇವತ್ತು ಬೆಳಿಗ್ಗೆ ಬ್ರೆಡ್ಡನ್ನೂ ಮುಟ್ಟದೆ, ಮೂಗು ಸೊರ್ ಎಂದು ಎಳೆಯುತ್ತಾ ಹೊರಟಿದ್ದ. ಹೆದರಿದಾಗ ಹಾಗೆ ಮಾಡುವುದು ಚಿಕ್ಕಂದಿನ ಚಾಳಿ.

ಮೊದಲನೆಯವರು ಬಂದರು. ಕಮಾನು ತಂತಿಯ ಮೇಲೆ ಇಳಿಯಿತು.

ಮೇಲಿನ ಅಂತಸ್ತಿನಲ್ಲಿ ನೃತ್ಯದವರು ದಬದಬ ಕುಣಿಯುತ್ತಿದ್ದರು. ಹೊರಗೆ ನಾಟಕದ ಹುಡುಗನೊಬ್ಬ ಮಾತು ಬಾಯಿಪಾಠ ಮಾಡುತ್ತಾ ಅರಚುತ್ತಿದ್ದ. ಸ್ವಲ್ಪ ಹೊತ್ತಿಗೆ ಅದೊಂದೂ ಕೇಳಿಸದಾಯಿತು. ಆ ವಾದನ ಅಷ್ಟು ತುಂಬಿಕೊಂಡಿತ್ತು. ಮುಗಿದಾಗ ಓಟ್ಮಾರರ ಬೆರಳ ಗೆಣ್ಣುಗಳು ಮೆಚ್ಚಿ ಮೇಜನ್ನು ಕುಟ್ಟಿಯೇಬಿಟ್ಟವು. ಪರೀಕ್ಷೆಯಲ್ಲಿ ಹಾಗೆ ಕುಟ್ಟಬಾರದು. ತಕ್ಷಣ ಕೈ ಎಳೆದುಕೊಂಡರು.

ಗೇಸಾ ಪೆನ್ನು ಕೆಳಗಿಟ್ಟಳು. ಇಂಥ ಎದುರಾಳಿಯ ಮುಂದೆ ತನ್ನ ಮಗ ಯಾವ ಲೆಕ್ಕ?

ಎರಡನೆಯವರು ಬಂದರು. ಕುರ್ಚಿ ಕಿರುಗುಟ್ಟಿತು. ಆಮೇಲೆ, ಸೊರ್. ಮೂಗು ಎಳೆದ ಸದ್ದು.

ಅವಳು ಕಣ್ಣು ಮುಚ್ಚಿಕೊಂಡಳು. ಕಮಾನು ನಡುಗುತ್ತಲೇ ಶುರುವಾಯಿತು. ಮೇಲಿನ ಸ್ವರಗಳಿಗೆ ಏರುವಲ್ಲಿ, ಅವಳು ಸಾವಿರ ಸಲ ತಿದ್ದಿದ್ದ ಅದೇ ಜಾಗದಲ್ಲಿ, ಶ್ರುತಿ ಜಾರಿತು. ಅಯ್ಯೋ ನನ್ನ ಕಂದ, ಎಂದುಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು.

"ಇದರಲ್ಲಿ ಮಾತಾಡೋಕೇನಿದೆ? ಮೊದಲನೆಯವರೇ," ಎಂದರು ಓಟ್ಮಾರ್.

"ನನಗೆ ಹಾಗನ್ನಿಸಲಿಲ್ಲ," ಎಂದಳು ಗೇಸಾ. "ಬೆರಳಿದೆ, ಜೀವ ಇಲ್ಲ. ಯಾರೋ ಗಿಣಿಪಾಠ ಮಾಡಿಸಿದ್ದಾರೆ. ಎರಡನೆಯವರು ತಪ್ಪಿದ್ದು ನಿಜ, ಆದರೆ ತಿದ್ದಬಹುದು."

"ಗೇಸಾ, ನಿಮ್ಮ ಕಿವಿ ನೆಟ್ಟಗಿದೆಯಾ? ಎರಡನೆಯದು ಟ್ರಾಮ್ ಬ್ರೇಕ್ ಹಾಕಿದ ಹಾಗಿತ್ತಲ್ರೀ! ಮೊದಲನೆಯವರ ಮನೇಲಿ ಯಾರೋ ಕಿವಿಗೊಟ್ಟು ಕೇಳೋರಿದ್ದಾರೆ. ಇಲ್ಲದಿದ್ರೆ ಹಾಗೆ ನುಡಿಸೋಕಾಗಲ್ಲ."

"ಹಾಗಿದ್ರೆ ಅಂಥೋರಿಗೆ ಬೇರೆ ಎಲ್ಲಾದರೂ ಸೀಟು ಸಿಗುತ್ತೆ ಬಿಡಿ."

ಉಳಿದವಳು ಫ್ರೌಕೆ. ಆ ವರ್ಷವಷ್ಟೇ ಸೇರಿದ್ದ ಅಧ್ಯಾಪಕಿ. "ನನಗೂ ಮೊದಲನೆಯದೇ..." ಎಂದು ಮೆಲ್ಲಗೆ ಶುರುಮಾಡಿದಳು.

"ನೀವಿನ್ನೂ ಹೊಸಬರು, ಫ್ರೌಕೆ," ಎಂದು ಗೇಸಾ ನಕ್ಕಳು. "ಕೆಲಸ ಕಾಯಂ ಆಗಲಿ. ಆಮೇಲೆ ಕಿವಿ ತಾನಾಗೇ ಪಳಗುತ್ತೆ."

ಕಾಯಂ ಮಾಡುವ ಸಮಿತಿಯಲ್ಲಿ ಗೇಸಾ ಇರುವುದು ಮೂವರಿಗೂ ಗೊತ್ತಿತ್ತು. ಫ್ರೌಕೆಯ ಮುಖ ಕೆಂಪಾಯಿತು. ಮೇಜು ನೋಡುತ್ತಾ, "ಹಾಗಾದ್ರೆ ಎರಡನೆಯವರಿಗೇ ನನ್ನ ಮತ," ಎಂದಳು.

ಓಟ್ಮಾರ್ ಕನ್ನಡಕ ಮಡಚಿದರು. ಅವರು ಬೈದಿದ್ದರೆ ಗೇಸಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ತನ್ನ ಶಿಷ್ಯೆಯ ವಯಸ್ಸಿನ ಹೆಣ್ಣನ್ನು ಹೆದರಿಸಿದ್ದಳು. ಯಾರದೋ ಮನೆಯ ಮಗುವಿನ ಬಾಯಿಗೆ ಬಂದ ತುತ್ತನ್ನು ತಟ್ಟಿ ಬೀಳಿಸಿದ್ದಳು. ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆ ಮಗುವಿನ ತಾಯಿ ಎದುರಾದರೆ ಯಾವ ಮುಖ ಇಟ್ಟುಕೊಂಡು ನೋಡುವುದು? ಆದರೂ ಮಗನಿಗಾಗಿ ತಾನೇ ಮಾಡಿದ್ದು, ಎಂದು ಸಮಾಧಾನ ಹೇಳಿಕೊಂಡಳು.

ಕೆಳಗೆ ಕಿಟಕಿಯ ಬಳಿ ಹುಡುಗಿಯೊಬ್ಬಳು ಚೆಲ್ಲೊ ಪಕ್ಕದಲ್ಲಿ ಮುದುರಿ ಕೂತು ಅಳುತ್ತಿದ್ದಳು. ತಿಲ್ಮಾನ್ ಅವಳಿಗೆ ಕರವಸ್ತ್ರ ಕೊಟ್ಟು, ಅಮ್ಮನನ್ನು ಕಂಡು ಓಡಿಬಂದ. ಅವನ ಮುಖ ಅಷ್ಟು ಅರಳಿದ್ದನ್ನು ಗೇಸಾ ನೋಡಿ ವರ್ಷಗಳೇ ಆಗಿದ್ದವು.

"ಪಾಪ, ಅವಳಿಗೆ ವಿಪರೀತ ನೆಗಡಿ. ನನ್ನದಾದ್ಮೇಲೆ ಹೋಗಿ ಎಲ್ಲಾ ಕೆಡಿಸ್ಕೊಂಡ್ಲಂತೆ," ಎಂದು ಪಿಸುಗುಟ್ಟಿ, ಅಮ್ಮನ ಎರಡೂ ಕೈ ಹಿಡಿದುಕೊಂಡ. "ನಾನು ನುಡಿಸ್ತಿದ್ದ ಹಾಗೇ ನಿನಗೆ ಗೊತ್ತಾಗಿರ್ಬೇಕಲ್ವಾ ಅಮ್ಮ, ಇದು ನನ್ನ ಮಗನೇ ಅಂತ?"